ತಿರುಗುವ ಗಿರಣಿ

ಸೈಕಲ್ ಅಂಗಡಿ ಅಣ್ಣನವರಿಗೆ,

ಭಾನುವಾರಕ್ಕೆ ಎರಡು ಸೀಟಿನ ಸೈಕಲ್ಲನ್ನೇ ತೆಗೆದಿಡಿ. "ಒಬ್ಬರಿಗೆ ಅದ್ಯಾಕಮ್ಮಾ?" ಅಂತ ಮತ್ತೆ ಕೇಳಬೇಡಿ. ಸೈಕಲ್ಲು ನಿಮ್ಮದು, ಕಾಲು ನನ್ನದು.

ಹೊಲಗಳನ್ನು ಸುತ್ತಿ ಬರೋ ಆ ದಾರಿ ಸಲೀಸೇ. ಆದರೂ ನಮ್ಮವರು ಬದುಕಿದ್ದಾಗ, ಎಲ್ಲಿ ಬೀಳ್ತೀನೋ ಅಂತ ನಾನು ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿಕೊಂಡೇ ಪೆಡಲ್ ತುಳೀತಿದ್ದೆ. "ಕಲ್ಲು ಸೇತುವೆ ಬಂತು, ಪಾಳು ಕೋಟೆ ಬಂತು, ಗಾಳಿಗಿರಣಿ ಎಷ್ಟು ಚೆನ್ನಾಗಿ ತಿರುಗ್ತಿದೆ ಕಣೇ!" ಅಂತ ಅವರು ಮುಂದಿನಿಂದ ಕೂಗಿ ಹೇಳೋರು.

ಹೋದ ವಾರ ಮುಂದೆ ಕೂತೆ. ಮುಂದೆ ಕೂತವರು ಕಣ್ಣು ಮುಚ್ಚೋ ಹಾಗಿಲ್ಲವಲ್ಲ. ನೋಡಿದರೆ, ಆ ಗಿರಣಿಗೆ ರೆಕ್ಕೆಗಳೇ ಇಲ್ಲ. ಯಾವ ಕಾಲದಲ್ಲೋ ಮುರಿದು ಬಿದ್ದಿವೆ.

ಹಿಂದಿನ ಸೀಟನ್ನು ಅವರ ಎತ್ತರಕ್ಕೆ ಏರಿಸಿಡಿ. ತಿರುಗ್ತಿದೆ ಅಂತ ಈ ಸಲ ನಾನು ಕೂಗಿ ಹೇಳಬೇಕು.

ಇಂತಿ,
ಹಿಂದಿನ ಸೀಟಿನವಳು