ಆಕಾಶಬಣ್ಣದ್ದೋ, ಜೇನುಬಣ್ಣದ್ದೋ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಗುಮ್ಮಿಗೆ,

ಅತ್ತೆಯ ತುಂಬು ಮನಸ್ಸಿನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ತನ್ನ ಪಾಡಿಗೆ ತಾನು ಗೊಣಗುತ್ತಿರುತ್ತದೆ, ನಾನು ಕೇಳಿಸಿಕೊಳ್ಳುವುದಿಲ್ಲ.

ನಿನ್ನ ಪತ್ರ ಶುಕ್ರವಾರವೇ ಕೈಸೇರಿತು. ಉತ್ತರಕ್ಕೆ ಇಷ್ಟು ತಡವಾಯಿತೆಂದು ಮುನಿಸಿಕೊಳ್ಳಬೇಡ. ಹೊಲಿಗೆಮನೆಯಲ್ಲಿ ಮೈಮುರಿಯುವಷ್ಟು ಕೆಲಸ. ಯಾವುದೋ ಸಭಾಂಗಣದ ಪರದೆಗಳಂತೆ, ದಪ್ಪ ಮಖಮಲ್ಲು, ಮೇಜಿನ ಮೇಲೆ ಎಳೆದು ಹಾಕುವುದಕ್ಕೇ ಇಬ್ಬರು ಬೇಕು. ನೀನು ಕೂರುತ್ತಿದ್ದ ಯಂತ್ರಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಮೇಸ್ತ್ರಿ ಅದರ ಮೇಲೆ ತನ್ನ ಛತ್ರಿ ಇಡುತ್ತಾನೆ. ನಾನು ದಿನಾ ತೆಗೆದು ಕೆಳಗಿಡುತ್ತೇನೆ, ಅವನು ದಿನಾ ಮತ್ತೆ ತಂದಿಡುತ್ತಾನೆ. ಹೀಗೆ ನಮ್ಮಿಬ್ಬರ ಸಂಸಾರ ಸುಖವಾಗಿ ನಡೆದಿದೆ.

ಸರಿ, ವಿಷಯಕ್ಕೆ ಬರುತ್ತೇನೆ. ನೀನು ಏನು ಬರೆದಿದ್ದೀಯೆಂದು ನಿನಗೇ ಒಮ್ಮೆ ನೆನಪಿಸುತ್ತೇನೆ, ಕೇಳು. ಹಳೆಯ ಬೇಸ್ ಗಿಟಾರಿನ ಕುತ್ತಿಗೆ ಬಾಗಿಹೋಗಿದೆ, ಇನ್ನು ರಿಪೇರಿಯಾಗದು. ಊರು ಬಿಡುವ ಮುಂಚೆ ನಮ್ಮೂರಿನ ವಾದ್ಯದಂಗಡಿಯಲ್ಲಿ ಎರಡು ನೋಡಿ ಬಂದಿದ್ದೆ, ಒಂದು ಆಕಾಶಬಣ್ಣದ್ದು, ಇನ್ನೊಂದು ಜೇನುಬಣ್ಣದ್ದು, ಅಂಗಡಿಯವನು ಎರಡನ್ನೂ ನನಗೆಂದೇ ಎತ್ತಿಟ್ಟಿದ್ದಾನೆ. ಆಕಾಶಬಣ್ಣದ್ದು ಮನೆಗೆ ಚೆಂದ, ಜೇನುಬಣ್ಣದ್ದು ವೇದಿಕೆಗೆ ಚೆಂದ. ಆಮೇಲೆ ಎರಡು ಸಾಲು ಜಾಗ ಬಿಟ್ಟು, ಏನೋ ಮರೆತಿದ್ದವಳ ಹಾಗೆ, ಸಂಗೀತ ತಂಡದವರು ಮೂರು ತಿಂಗಳ ಪರೀಕ್ಷೆ ಮುಗಿಯಿತು, ಇನ್ನು ನಮ್ಮ ಜೊತೆಗೇ ಇದ್ದುಬಿಡು, ಊರೂರು ತಿರುಗೋಣ ಎನ್ನುತ್ತಿದ್ದಾರೆ, ನಾನಿನ್ನೂ ಉತ್ತರ ಕೊಟ್ಟಿಲ್ಲ ಎಂದು ಬರೆದಿದ್ದೀ. ಕೊನೆಗೆ, ‘ಯಾವ ಗಿಟಾರು ಅಂತ ನೀವೇ ಆರಿಸಿಬಿಡಿ ಅತ್ತೆ, ನೀವು ಹೇಳಿದ್ದೇ ತಗೋತೀನಿ.’

ಅಬ್ಬಬ್ಬಾ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಿನ್ನಿಂದ ಕಲಿಯಬೇಕು. ನಿನ್ನ ಗಂಡ, ನನ್ನ ಮಗ, ತೀರಿಕೊಂಡ ಮೇಲೆ ಐದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡವರು ನಾವು. ಮನೆಗೋ ವೇದಿಕೆಗೋ ಎಂದು ನೀನು ಕೇಳುತ್ತಿರುವುದು ನಾಲ್ಕು ತಂತಿ ಬಿಗಿದ ಮರದ ವಿಷಯ ಅಲ್ಲವೇ ಅಲ್ಲ. ಅತ್ತೆ ನನ್ನನ್ನು ಕಳಿಸಿಕೊಡುತ್ತಾಳೋ, ವಾಪಸು ಬಾ ಎನ್ನುತ್ತಾಳೋ, ಅದು ನಿನ್ನ ಪ್ರಶ್ನೆ. ಅಷ್ಟೂ ತಿಳಿಯದ ದಡ್ಡಿಯೇ ನಾನು? ಬಾಯಿಬಿಟ್ಟು ಕೇಳಲು ನಿನಗೆ ಧೈರ್ಯವಿಲ್ಲ, ಬಾಯಿಬಿಟ್ಟು ಹೇಳಲು ನನಗೂ ಇಲ್ಲ. ಆದ್ದರಿಂದ ಸದ್ಯಕ್ಕೆ ಗಿಟಾರಿನ ಮಾತನ್ನೇ ಆಡೋಣ.

ಶನಿವಾರ ಹಲ್ಲುನೋವೆಂದು ಮೇಸ್ತ್ರಿಗೆ ಸುಳ್ಳು ಹೇಳಿ, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಹೊರಬಿದ್ದೆ. ದಾರಿಯಲ್ಲಿ ಅದನ್ನು ತೆಗೆಯುವುದು ಮರೆತೇಹೋಯಿತು. ಅಂಗಡಿಯವನು ನನ್ನ ಅವತಾರ ನೋಡಿ ಗಾಬರಿಯಾಗಿ ಕುರ್ಚಿ ಎಳೆದು ನೀರು ತಂದುಕೊಟ್ಟ. ಆ ಗಡ್ಡದವನು ಒಳ್ಳೆಯವನು ಕಣೇ. ನಾನು ಗುಮ್ಮಿಯ ಅತ್ತೆ ಎಂದೆ. ನಿನ್ನ ನಿಜವಾದ ಹೆಸರು ಆ ಕ್ಷಣಕ್ಕೆ ಬಾಯಿಗೇ ಬರಲಿಲ್ಲ ನೋಡು. ಮದುವೆಯಾಗಿ ಬಂದ ವಾರದಲ್ಲೇ ಪಕ್ಕದ ಕೋಣೆಯಲ್ಲಿ ಗುಮ್ ಗುಮ್ ಎಂದು ಶುರುಮಾಡಿದವಳಿಗೆ ಇನ್ನೇನು ಹೆಸರಿಡಬೇಕಿತ್ತು? ಅವನಿಗೆ ಅಷ್ಟರಲ್ಲೇ ಅರ್ಥವಾಯಿತು. ಒಳಗಿನಿಂದ ಎರಡನ್ನೂ ತಂದು, ನಿದ್ದೆ ಹೋದ ಮಕ್ಕಳನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಮಲಗಿಸಿದ.

ನೋಡಲು ಎರಡೂ ಹಳೆಯವೇ. ಆಕಾಶಬಣ್ಣದ್ದು ಒಗೆದು ಒಗೆದು ಮಾಸಿದ ಅಂಗಿಯ ಹಾಗಿದೆ; ಮೊಣಕೈ ತಾಗುವ ಕಡೆ ಬಣ್ಣ ಸವೆದು ಒಳಗಿನ ಮರ ಕಾಣುತ್ತದೆ. ಇನ್ನೊಂದಕ್ಕೆ ಅಂಚಿನಲ್ಲಿ ಕಪ್ಪು, ಒಳಗೆ ಬರಬರುತ್ತಾ ಕಂದು, ನಟ್ಟನಡುವೆ ಜೇನು. ಇವನ್ನು ನುಡಿಸಿ ಬಿಟ್ಟವರು ಯಾರಪ್ಪಾ, ಬದುಕಿದ್ದಾರಾ ಎಂದು ಕೇಳಿದೆ. ಅವನು ನಕ್ಕು, ‘ಯಾರೂ ಇಲ್ಲಮ್ಮ, ಎರಡೂ ಹೊಚ್ಚ ಹೊಸದು. ಹಳೇ ಕಾಲದ ಮಾದರಿ ಅಷ್ಟೆ. ಸವೆದ ಹಾಗೆ ಕಾಣಲಿ ಅಂತ ಕಾರ್ಖಾನೇಲೇ ಉಜ್ಜಿ ಕಳಿಸ್ತಾರೆ’ ಎಂದ. ಹಳೆಯ ಪರದೆಗೆ ಅಂಚು ಕಟ್ಟಿ, ಲೈನಿಂಗ್ ಬದಲಾಯಿಸಿ, ಅದು ಹೊಸದರಂತೆ ಕಾಣಲಿ ಎಂದು ಜೀವಮಾನವೆಲ್ಲ ಒದ್ದಾಡಿದವಳು ನಾನು. ಇಲ್ಲಿ ಹೊಸದನ್ನು ಉಜ್ಜಿ ಹಳೆಯದು ಮಾಡುವುದಕ್ಕೆ ಸಂಬಳ ಕೊಡುತ್ತಾರಂತೆ! ಆ ಕಾರ್ಖಾನೆಯಲ್ಲಿ ಜಾಗ ಖಾಲಿಯಿದ್ದರೆ ಹೇಳು, ಸವೆಸುವುದರಲ್ಲಿ ನನ್ನಷ್ಟು ಅನುಭವ ಇನ್ಯಾರಿಗೂ ಸಿಗದು ಎಂದೆ. ಪಾಪ, ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆಮೇಲೆ ಅವನು ವಿವರಿಸಲು ಕೂತ. ಆಕಾಶದ್ದಕ್ಕೆ ಕುತ್ತಿಗೆ ದಪ್ಪ, ತಂತಿ ನುಣುಪು, ದನಿ ಮೆತ್ತಗೆ ಹರಡಿಕೊಳ್ಳುತ್ತದೆ. ಜೇನಿನದಕ್ಕೆ ಕುತ್ತಿಗೆ ಸಣ್ಣ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ, ಡ್ರಮ್ಮು ತುತ್ತೂರಿಗಳ ಗದ್ದಲದಲ್ಲೂ ಕಳೆದುಹೋಗುವುದಿಲ್ಲ. ಎರಡನ್ನೂ ನುಡಿಸಿ ತೋರಿಸಿದ, ಕಣ್ಣು ಮುಚ್ಚಿಕೊಂಡು, ತಲೆ ತೂಗುತ್ತಾ. ಕೋಣನ ಮುಂದೆ ಕಿನ್ನರಿ! ನನ್ನ ಕಿವಿಗೆ ಅದೂ ಗುಮ್, ಇದೂ ಗುಮ್. ಗೊತ್ತಾಯ್ತಾ ಅಮ್ಮ ಎಂದು ಅವನು ಕೇಳಿದರೆ ನಾನು ಅಳತೆ ಟೇಪು ತೆಗೆದು ಕುತ್ತಿಗೆಯ ಸುತ್ತಳತೆ ನೋಡುತ್ತಿದ್ದೆ. ಬೇರೇನು ಮಾಡಲಿ, ನನಗೆ ಬರುವುದು ಅದೇ.

ಆಗ ನಮ್ಮ ಹೊಲಿಗೆಮನೆಯ ಪದ್ಧತಿ ನೆನಪಾಯಿತು. ಮೇಜಿನ ಮೇಲೆ ಹರಡಿದ ಬಟ್ಟೆ ನೋಡಿ ಪರದೆ ಆರಿಸಬಾರದು. ಮೇಜಿನ ಮೇಲೆ ಎಲ್ಲ ಬಟ್ಟೆಯೂ ಚೆಂದವೇ. ಸರಳಿಗೆ ತೂಗುಹಾಕಿ, ಹೊರಗೆ ಹೋಗಿ ಬಾಗಿಲು ಹಾಕಿಕೊಂಡು, ಮತ್ತೆ ಒಳಗೆ ಬರಬೇಕು. ಅದು ಬಾಳಬೇಕಾದ ಜಾಗದಲ್ಲಿ ಅದನ್ನು ನೋಡಬೇಕು. ಹಾಗೆ ನೋಡಿದರೆ, ನಿನ್ನ ಗಿಟಾರನ್ನು ನಾನು ಎಂದಾದರೂ ಎದುರು ಕೂತು ಕೇಳಿದ್ದೇನೆಯೇ? ಹೋಟೆಲಿನಲ್ಲಿ ನೀನು ನುಡಿಸುವಾಗ ಬಾ ಎಂದು ಎಷ್ಟು ಕರೆದರೂ ಆ ಗದ್ದಲ ನನಗಾಗದು ಎನ್ನುತ್ತಿದ್ದೆ. ನಾನು ಕೇಳಿದ್ದೆಲ್ಲ ಗೋಡೆಯ ಈಚೆಯಿಂದ. ನನ್ನ ಮಂಚ ಒತ್ತಿಕೊಂಡಿರುವ ಆ ಗೋಡೆಯನ್ನು ಹಾಡು ದಾಟುವುದಿಲ್ಲ ಗುಮ್ಮಿ. ನೀನು ಹಾಡು ಹಾಕಿಕೊಂಡು ಅದರ ಜೊತೆ ನುಡಿಸುತ್ತಿದ್ದೆಯಲ್ಲ, ಹಾಡು ನಿನ್ನ ಬಳಿಯೇ ಉಳಿದು, ಅದರ ಬುಡದಲ್ಲಿರುವ ನಿನ್ನ ಗುಮ್ ಗುಮ್ ಮಾತ್ರ ನನ್ನ ದಿಂಬಿನವರೆಗೆ ಬರುತ್ತಿತ್ತು. ಅದರ ಮೇಲೆ ನನಗೆ ಬೇಕಾದ ಹಾಡನ್ನು ನಾನೇ ಕಟ್ಟಿ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದೆ. ಎಷ್ಟು ಕಟ್ಟಿದ್ದೇನೋ, ಒಂದೂ ಈಗ ನೆನಪಿಲ್ಲ.

ಅಂಗಡಿಯ ಹಿಂದೆ ಸಾಮಾನಿನ ಕೋಣೆಯಿದೆ. ನಾನು ಅಲ್ಲಿ ಕೂರುತ್ತೇನೆ, ಬಾಗಿಲು ಹಾಕಿಕೊಂಡು ನೀನಿಲ್ಲಿ ಬಾರಿಸು ಎಂದೆ. ‘ಬಾಗಿಲು ಹಾಕಿದ್ರೆ ಏನಮ್ಮ ಕೇಳುತ್ತೆ?’ ಎಂದ ಅವನು. ಬಾರಿಸೋದು ನಿನ್ನ ಕೆಲಸ, ಕೇಳೋದು ನನ್ನ ಕೆಲಸ ಎಂದು ಬಾಯಿ ಮುಚ್ಚಿಸಿದೆ.

ಡ್ರಮ್ಮಿನ ಪೆಟ್ಟಿಗೆಯೊಂದರ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟೆ. ಮೇಲೊಂದು ಸಣ್ಣ ಕಿಟಕಿ, ಅದರಿಂದ ಇಳಿದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಸುತ್ತುತ್ತಿತ್ತು. ಮೊದಲು ಆಕಾಶಬಣ್ಣದ್ದು. ಅದು ಕಿವಿಗೆ ಬರಲೇ ಇಲ್ಲ ಕಣೇ, ಬೆನ್ನಿಗೆ ಬಂತು. ಗೋಡೆಯಲ್ಲಿ ಇಳಿದು, ಪೆಟ್ಟಿಗೆಯಲ್ಲಿ ಹಾದು, ಎದೆಗೂಡಿನೊಳಗೆ ಮೆಲ್ಲಗೆ ಕೂತುಕೊಂಡಿತು. ಕಣ್ಣು ಮುಚ್ಚಿಕೊಂಡಿತೋ ತೆರೆದೇ ಇತ್ತೋ ಗೊತ್ತಿಲ್ಲ. ನಾನು ನನ್ನ ಮಂಚದ ಮೇಲಿದ್ದೆ. ರಜೆಯ ದಿನದ ಮಧ್ಯಾಹ್ನ. ಗೂಡಿನಲ್ಲಿಟ್ಟ ಲೋಟದ ನೀರು ಸಣ್ಣಗೆ ನಡುಗುತ್ತಿತ್ತು. ಆಚೆ ನೀನಿದ್ದೆ. ಯಾವುದೋ ನಾಟಕಕ್ಕೆ ದೀಪ ಕಟ್ಟಲು ಹೊರಟ ನನ್ನ ಮಗ ಹಜಾರದಲ್ಲಿ ಬೂಟಿಗಾಗಿ ಹುಡುಕಾಡುತ್ತಾ, ಒಂದು ಸಿಕ್ಕಿ ಇನ್ನೊಂದು ಸಿಗದೆ, ಯಾರನ್ನೋ ಬಯ್ದುಕೊಳ್ಳುತ್ತಿದ್ದ. ಇನ್ನೊಂದು ಬೂಟು ಮಂಚದ ಕೆಳಗಿದೆ ಕಣೋ ಎನ್ನಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಾದ ನಿಂತಿತು. ಸ್ವಲ್ಪ ಹೊತ್ತು ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಆಚೆಯಿಂದ ಗಡ್ಡದವನು ಇನ್ನೊಂದು ನುಡಿಸಲೇ ಎಂದು ಕೂಗಿದಾಗ ಹೂಂ ಎಂದೆ.

ಜೇನುಬಣ್ಣದ್ದು ಗೋಡೆ ದಾಟಲಿಲ್ಲ. ಯಾರೋ ದೂರದ ಬೀದಿಯಲ್ಲಿ ನಡೆದುಹೋದಷ್ಟೇ ಸದ್ದು. ಇದೇನು ಊಟ ಮಾಡಿಲ್ಲವೇ ಇದು ಎಂದುಕೊಂಡು, ಎದ್ದು ಹೋಗಿ ಬಾಗಿಲು ತೆರೆದೆ. ತೆರೆದರೆ, ಅಯ್ಯೋ ಗುಮ್ಮಿ, ಅಂಗಡಿಯ ತುಂಬ ಅದೇ! ಒಂದೊಂದು ಸ್ವರವೂ ನೆಟ್ಟಗೆ ನಿಂತು ಮುಖ ತೋರಿಸುತ್ತಿತ್ತು. ಬೀದಿಯಲ್ಲಿ ಚೀಲ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತುಬಿಟ್ಟಿದ್ದಳು. ಅವಳ ಕಾಲು ತನಗೆ ತಾನೇ ತಾಳ ಹಾಕುತ್ತಿತ್ತು, ಅವಳಿಗದು ಗೊತ್ತೇ ಇರಲಿಲ್ಲ. ಆ ಗಡ್ಡದವನ ಜಾಗದಲ್ಲಿ ನನಗೆ ನೀನು ಕಂಡೆ. ಸುತ್ತ ಬೆಳಕು, ಎದುರಿಗೆ ತಲೆಗಳೇ ತಲೆಗಳು. ನೀನು ನನ್ನ ಕಡೆ ನೋಡುತ್ತಿರಲಿಲ್ಲ, ನಗುತ್ತಿದ್ದೆ.

ಜೇನುಬಣ್ಣದ್ದನ್ನೇ ಆರಿಸಿದ್ದೇನೆ. ಎರಡು ಸಲ ಯೋಚಿಸಲಿಲ್ಲ. ಕುತ್ತಿಗೆ ಸಣ್ಣದಿರುವುದರಿಂದ ನಿನ್ನ ಗುಬ್ಬಿಬೆರಳುಗಳಿಗೆ ಸಲೀಸು, ತೂಕವೂ ಕಮ್ಮಿ, ಊರೂರು ತಿರುಗುವವರ ಭುಜಕ್ಕೆ ಒಳ್ಳೆಯದು. ಈಗ ನಿನ್ನ ಮಂಚದ ಮೇಲೆ ದಿಂಬಿಗೆ ತಲೆಯಿಟ್ಟು ಮಲಗಿದೆ. ಹೆಗಲಿಗೆ ಹಾಕುವ ಪಟ್ಟಿಯನ್ನು ನಾನೇ ಹೊಲಿದಿದ್ದೇನೆ, ಸಭಾಂಗಣದ ಮಖಮಲ್ಲಿನ ತುಂಡಿನಲ್ಲಿ, ಒಳಗೆ ಎರಡು ಪದರ ಲೈನಿಂಗ್ ಕೊಟ್ಟು, ಹೆಗಲು ಒತ್ತದ ಹಾಗೆ ಅಗಲವಾಗಿ. ಮೇಸ್ತ್ರಿ ನೋಡಿದ. ಇದು ಯಾವ ಕಿಟಕಿಗೆ ಎಂದು ಕೇಳಿದ. ನಡೆದಾಡುವ ಕಿಟಕಿಗೆ ಎಂದೆ. ತಾನೇ ಕತ್ತರಿಯನ್ನು ನನ್ನ ಮುಂದೆ ಸರಿಸಿದ.

ಇನ್ನು ತಂಡದವರಿಗೆ ಇವತ್ತೇ ಹೂಂ ಎಂದುಬಿಡು. ಮೀನಮೇಷ ಎಣಿಸುತ್ತಾ ಕೂತರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಮನೆ ಭಣಭಣ ಎನ್ನುತ್ತದೆ, ಸುಳ್ಳೇಕೆ ಹೇಳಲಿ. ಒಬ್ಬಳಿಗೆ ಅಡುಗೆ ಮಾಡುವಾಗ ಉಪ್ಪಿನ ಅಂದಾಜೇ ತಪ್ಪಿಹೋಗುತ್ತದೆ. ಆದರೆ ಅದು ನನ್ನ ಮತ್ತು ಉಪ್ಪಿನ ನಡುವಿನ ಜಗಳ, ನೀನು ತಲೆ ಹಾಕಬೇಡ. ಮೊನ್ನೆ ಮೆಟ್ಟಿಲಲ್ಲಿ ಪಕ್ಕದ ಮನೆಯಾಕೆ ಸೊಸೆ ಬಿಟ್ಟುಹೋದಳಂತಲ್ಲ ಎಂದು ಕನಿಕರ ತೋರಿಸಲು ಬಂದಳು. ಬಿಟ್ಟುಹೋಗಲಿಲ್ಲ, ನಾನೇ ಕಳಿಸಿದ್ದೇನೆ, ನಿನ್ನ ಸೊಸೆಗೂ ಏನಾದರೂ ಬಾರಿಸಲು ಬಂದರೆ ಹೇಳು, ಅಂಗಡಿ ತೋರಿಸುತ್ತೇನೆ ಎಂದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಿನ್ನ ಕಾಲ ಬಂದಿದೆ, ಹೊರಡು ಮಗಳೇ. ಬರುವ ವಾರ ಬಂದು ಗಿಟಾರು ಒಯ್ಯಿ. ಬಂದವಳು ಎರಡು ದಿನ ಇದ್ದು ಹೋಗು. ಮೂರನೆಯ ದಿನ ನಾನೇ ಬಸ್ಸು ಹತ್ತಿಸುತ್ತೇನೆ. ನೀವು ಇದೇ ಸೀಮೆಯ ಯಾವುದಾದರೂ ಸಭಾಂಗಣಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಿಡಿದಿಡು. ಪರದೆ ಸರಿಯಾಗಿ ಹೊಲಿದಿದ್ದಾರೋ ಇಲ್ಲವೋ ನೋಡಬೇಕು.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿರು.

ಎಂದೆಂದೂ ನಿನ್ನ,
ಅತ್ತೆ

ಬರೆಯಲೋ ಬೇಡವೋ ಎಂದು ಉಳಿಸಿಕೊಂಡಿದ್ದ ಮಾತು: ಎರಡು ಸಲ ಯೋಚಿಸಲಿಲ್ಲ ಎಂದೆನಲ್ಲ, ಸುಳ್ಳು. ಪತ್ರ ತಡವಾದದ್ದಕ್ಕೆ ಮಖಮಲ್ಲನ್ನು ದೂರಿದ್ದೂ ಸುಳ್ಳೇ. ಶನಿವಾರ ನಾನು ಮನೆಗೆ ತಂದದ್ದು ಆಕಾಶಬಣ್ಣದ್ದನ್ನು. ಭಾನುವಾರ ಮಧ್ಯಾಹ್ನ ನಿನ್ನ ಕೋಣೆಯಲ್ಲಿ ಕೂತು, ವೈರನ್ನು ನಿನ್ನ ಸ್ಪೀಕರಿನ ಪೆಟ್ಟಿಗೆಗೆ ಸಿಕ್ಕಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಗೋಡೆಯ ಈಚೆ ಕೇಳಲೆಂದು ನನ್ನ ಕೋಣೆಗೆ ಓಡಿದೆ. ಈ ಮೊಣಕಾಲಿನ ಓಟ ನಿನಗೆ ಗೊತ್ತೇ ಇದೆ. ಮಂಚದ ಹತ್ತಿರ ಬರುವಷ್ಟರಲ್ಲಿ ದನಿ ಆರಿಹೋಗಿತ್ತು. ಮತ್ತೆ ಹೋಗಿ ಮೀಟಿದೆ, ಮತ್ತೆ ಓಡಿದೆ. ಕತ್ತಲಾಗುವವರೆಗೂ ಅದೇ ಆಟ, ಒಂದು ಸಲವೂ ಕೈಗೆ ಸಿಗಲಿಲ್ಲ. ಗೋಡೆಯ ಆಚೆ ನೀನಿರಬೇಕಿತ್ತು. ನನ್ನ ಮಧ್ಯಾಹ್ನದ ನಿದ್ದೆಗೆಂದು ನಿನ್ನನ್ನು ಆ ಕೋಣೆಯಲ್ಲಿ ಕೂರಿಸಿಡಲು ಹೊರಟಿದ್ದೆನಲ್ಲ, ಥೂ ಎನಿಸಿತು. ಹೊಟ್ಟೆಗೆ ಹಾಕಿಕೊ. ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದು, ಬದಲಾಯಿಸಿಕೊಂಡು ಬಂದೆ. ಜೇನುಬಣ್ಣದ್ದನ್ನು ನಾನು ಮುಟ್ಟಿ ಮೀಟಿಲ್ಲ. ಮೊದಲು ನೀನೇ ಮೀಟು.