ಸೋತವನಿಗೂ ಸಂಭಾವನೆ

ಲಾಸ್ ಏಂಜಲೀಸ್, ಮಂಗಳವಾರ

ಅಕ್ಕಾ,

ಜನರ ನಿಜವಾದ ಜಗಳಗಳನ್ನು ಟೀವಿಯಲ್ಲಿ ತೀರ್ಮಾನಿಸುವ ಆ ಕೋರ್ಟ್ ಕಾರ್ಯಕ್ರಮದಲ್ಲಿ ಸೋತೆ, ಆದರೆ ನೀನು ಗಾಬರಿಯಾಗಬೇಡ. ಗೆಳೆಯ ಹಾಲಿಸ್‌ನ ದೋಣಿಯನ್ನು ಎರವಲು ತಂದು ಕೆರೆಯಲ್ಲಿ ಮುಳುಗಿಸಿದ್ದು ನಾನೇ ಎಂದು ನ್ಯಾಯಾಧೀಶೆಯ ಮುಂದೆ ಒಪ್ಪಿಕೊಂಡೆ. "ಎರವಲು ತಂದದ್ದು ಅಂದ್ರೆ ಅಷ್ಟು ಸದರಾನೇನ್ರೀ?" ಎಂದು ಆಕೆ ಗದರಿದರು. ಹಿಂದೆ ಕೂತಿದ್ದ ಜನರೆಲ್ಲ ತಲೆಯಾಡಿಸಿ ಲೊಚಗುಟ್ಟಿದರು. ಅವರು ಅದಕ್ಕೆಂದೇ ದಿನಗೂಲಿಗೆ ಬಂದವರಂತೆ! ನಾನು ಮೂರು ಸಾವಿರದ ಇನ್ನೂರು ಡಾಲರ್ ಕೊಡಬೇಕೆಂದು ತೀರ್ಪಾಯಿತು.

ಹೊರಗೆ ಬಂದರೆ ಕಾರ್ಯಕ್ರಮದ ಹುಡುಗಿ ನಕ್ಕಳು. "ಒಪ್ಪಂದದ ಕಾಗದ ಓದ್ದೇನೇ ಸಹಿ ಹಾಕಿದ್ರಾ? ಆ ದುಡ್ಡು ನಾವೇ ಕೊಡ್ತೀವಿ. ನೀವು ಬಂದಿದ್ದಕ್ಕೂ ಇನ್ನೂರೈವತ್ತು ಡಾಲರ್ ಇದೆ." ವಿಮಾನ, ಹೋಟೆಲ್ ಖರ್ಚು ಕೂಡ ಅವರದೇ.

ಹಾಲಿಸ್‌ನ ಮುಖ ಮಾತ್ರ ಊದಿಕೊಂಡೇ ಇತ್ತು. ಇಪ್ಪತ್ತು ವರ್ಷ ನನ್ನ ಜೊತೆ ಮೀನು ಹಿಡಿದವನು. "ದೋಣಿ ಮುಳುಗ್ಸಿ ಸಂಬಳ ಬೇರೆ ತಗೊಂಡ್ಯಲ್ಲೋ! ದುಡ್ಡೇನೋ ಅವ್ರು ಕೊಟ್ರು. ತಪ್ಪಾಯ್ತು ಅಂತಾನೂ ಅವ್ರೇ ಹೇಳ್ಬೇಕಾ?" ಎಂದ. ಎಂಟು ತಿಂಗಳಿನಿಂದ ಆ ಒಂದು ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. ಊಟಕ್ಕೆಂದು ಬೀದಿಯಲ್ಲಿ ಟ್ಯಾಕೋ ಎಂಬ ಮಡಚಿದ ರೊಟ್ಟಿ ಮಾರುವ ಗಾಡಿಯ ಮುಂದೆ ನಿಂತಾಗ ಹೇಳಿಬಿಟ್ಟೆ.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು," ಎಂದ, ಬಾಯಿ ತುಂಬ ತಿನ್ನುತ್ತಾ. ಮತ್ತೆ ಹೇಳಿದೆ. ತನ್ನ ತಟ್ಟೆಯಿಂದ ಒಂದು ಟ್ಯಾಕೋ ಎತ್ತಿ ನನ್ನ ತಟ್ಟೆಗೆ ಹಾಕಿದ.

ನನ್ನ ಮೊಣಕಾಲು ನೋವು ಕಡಿಮೆಯಾಗಿದೆ. ಗುರುವಾರ ಇಬ್ಬರೂ ಒಂದೇ ವಿಮಾನದಲ್ಲಿ ಬರುತ್ತೇವೆ. ರಾತ್ರಿ ಊಟಕ್ಕೆ ಅವನಿಗೂ ಇಡು. ಕಾರ್ಡಿನಲ್ಲಿ ಜಾಗ ಮುಗಿಯಿತು.

ಲೈಮನ್