ಪೊರಕೆಯ ಪಕ್ಕದ ಖಾಲಿ ಜಾಗ

ಕುರಾಶಿಕಿ
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಅಜ್ಜಿ,

ನಿನ್ನ ಮೊಣಕಾಲು ಹೇಗಿದೆ? ತಕಾಮಾತ್ಸುವಿನ ಸಮುದ್ರದ ಗಾಳಿ ಒಗ್ಗಿತೇ? ಚಿಕ್ಕಜ್ಜಿ ಮೂರು ಹೊತ್ತೂ ಉದೋನ್ ಶಾವಿಗೆ ಬಡಿಸಿ ತನ್ನ ಅಕ್ಕನನ್ನು ಸುಸ್ತು ಮಾಡಿಲ್ಲ ತಾನೆ? ಇಲ್ಲಿ ನಾನು ಕ್ಷೇಮ. ಅಜ್ಜ ಕ್ಷೇಮವಾಗಿರುವಂತೆ ನಟಿಸುತ್ತಿದ್ದಾನೆ.

ನೀನು ಸಿಟ್ಟುಮಾಡಿಕೊಂಡು ಹೊರಟ ದಿನದಿಂದ ಈ ಮನೆಯೊಳಗೆ ಕುಂಬಳಕಾಯಿಗೆ ಪ್ರವೇಶವಿಲ್ಲವೆಂದು ಘನತೆವೆತ್ತ ಅಜ್ಜನ ಆಜ್ಞೆಯಾಗಿದೆ. ತಪ್ಪು ಕುಂಬಳಕಾಯಿಯದಲ್ಲವೆಂದು ನಾನು ವಾದಿಸಿ ಸೋತೆ. ಬೇಲಿ ದಾಟಿ ಪಕ್ಕದ ಮನೆಯಲ್ಲಿ ಕಾಯಿಬಿಟ್ಟ ಬಳ್ಳಿಯ ಮೇಲೆ ನೀನು ಹಾಯ್ಕು ಬರೆದರೆ, ಅದರ ಪಕ್ಕದಲ್ಲೇ ಬಳ್ಳಿ, ಬೇಲಿ, ಕಾಯಿ, ಸಾಲದ್ದಕ್ಕೆ ಪಕ್ಕದ ಮನೆಯನ್ನೂ ಚಿತ್ರಿಸಿಟ್ಟವನು ಯಾರು? ಪದ್ಯ ಹೇಳಿದ್ದನ್ನು ಚಿತ್ರ ಮತ್ತೆ ಹೇಳಬಾರದೆಂದು ಕುಂಚದ ಹಿಡಿಯಿಂದ ನನ್ನ ತಲೆಗೆ ಮೊಟಕಿ ಕಲಿಸಿದವನೂ ಅವನೇ. "ನನ್ನ ಪದ್ಯ ಯಾರಿಗೂ ತಿಳಿಯಲ್ಲ ಅಂತ ಚಿತ್ರ ಬರೆದು ಅರ್ಥ ಹೇಳ್ತೀರಾ?" ಅಂದೆಯಲ್ಲ, ಆ ಮಾತು ಅವನನ್ನು ಇನ್ನೂ ಕುಟುಕುತ್ತಿದೆ.

ಈಗ ದಿನಾ ಬೆಳಿಗ್ಗೆ ಮಸಿ ತೇಯ್ದು ಒಂದೊಂದು ಚಿತ್ರ ಬರೆಯುತ್ತಾನೆ, ಪ್ರತಿಯೊಂದರಲ್ಲೂ ನಿನ್ನ ಪದ್ಯಕ್ಕೆ ಜಾಗ ಬಿಡುತ್ತಾನೆ. ಕಲೆಯ ಉದ್ಧಾರಕ್ಕಾಗಿ ಮೊನ್ನೆ ನಾನು ಒಂದರಲ್ಲಿ ನಿನ್ನ ಅಕ್ಷರವನ್ನೇ ನಕಲು ಮಾಡಿ ಹಾಯ್ಕು ತುಂಬಿಸಿದೆ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಇದು ನಿಮ್ಮಜ್ಜಿ ಕೈ ಅಲ್ಲ ಕಣೇ. ಅವಳು ನನ್ನ ಬೈಕೊಂಡೇ ಕುಂಚ ಎತ್ತೋಳು. ಇದರಲ್ಲಿ ಬೈಗುಳ ಎಲ್ಲಿದೆ?" ಅಂದ. ಗದರುತ್ತಾನೆಂದು ಕಾದರೆ, ಕುಂಚ ತೊಳೆದು ನನಗೆ ಬೆನ್ನುಹಾಕಿ ಕುಳಿತ.

ನಿನ್ನೆ ಬರೆದದ್ದು ಬಾಗಿಲಿಗೆ ಒರಗಿದ ನಿನ್ನ ಪೊರಕೆ, ಅಷ್ಟೇ. ಒಣಕುಂಚದ ನಾಲ್ಕು ಎಳೆತ, ಮಿಕ್ಕ ಕಾಗದವೆಲ್ಲ ಖಾಲಿ. ಇದಕ್ಕೆ ಎಂಥ ಪದ್ಯ ಹೊಂದುತ್ತದೆಂದು ಕೇಳಿದೆ. ಅವಳು ಏನು ಬರೆದರೂ ಹೊಂದುತ್ತದೆ ಅಂದ. ಹಾಗಾದರೆ ನಿನ್ನನ್ನು ಮನೆಗೆ ಕರೆಯಬಾರದೇ ಎಂದೆ.

"ಕರೆದ್ರೆ ಅದೂ ಅರ್ಥ ಹೇಳಿದ ಹಾಗೇ ಆಗುತ್ತಲ್ಲೇ" ಅಂದ.

ಚಿಕ್ಕಜ್ಜಿಗೆ ನನ್ನ ನೆನಪು ಹೇಳು. ನನ್ನ ಮೊಣಕಾಲು ಗಟ್ಟಿಯಿರುವುದರಿಂದ ನಿನಗೆ ನೆಲಮುಟ್ಟಿ ನಮಸ್ಕಾರ.

ನಿನ್ನ ಪರಮ ಸಾಧು ಮೊಮ್ಮಗಳು,
ಚಿಗುಸಾ

ಮರೆತಿದ್ದೆ: ಜೊತೆಗಿರುವ ಸುರುಳಿಯೇ ಆ ಪೊರಕೆಯ ಚಿತ್ರ. ಅಜ್ಜ ಬೆಳಗಿನಿಂದ ಕಪಾಟುಗಳನ್ನೆಲ್ಲ ತಡಕಾಡುತ್ತಿದ್ದಾನೆ, ನಾನೂ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದೇನೆ. ಪದ್ಯ ಬರೆ, ಬೈಗುಳ ಬಿಡಬೇಡ. ಅಂಚೆಗೆ ಹಾಕಬೇಡ, ಕೈಯಲ್ಲೇ ತಾ. ಬರುವಾಗ ಒಂದು ಕುಂಬಳಕಾಯಿಯನ್ನೂ.